ಬಸ್ ನಿಂತ ದಿನ ಪುಣೆಯಲ್ಲಿ ಸಭೆ ಇತ್ತು, ನಮಗೆ ಅಲ್ಲಿ ಕುರ್ಚಿ ಇರಲಿಲ್ಲ

2025ರ ಫೆಬ್ರುವರಿ 21, ಶುಕ್ರವಾರ. ಬೆಳಗಾವಿ ಹತ್ತಿರ ಬಾಳೇಕುಂದ್ರಿ ಕಡೆ ಹೋಗುವ ಬಸ್ಸಿನಲ್ಲಿ ನಮ್ಮ ಸಾರಿಗೆ ಸಂಸ್ಥೆಯ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆ ಆಯಿತು. ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಮಾತಾಡಿ ಎಂದಿದ್ದಕ್ಕೆ ಹೊಡೆದರು ಎಂಬುದು ಅವರ ದೂರು. ಅದೇ ರಾತ್ರಿ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ತಡೆದು ಚಾಲಕನಿಗೆ ಮಸಿ ಬಳಿದರು. ಮರುದಿನ ಶನಿವಾರ ಮಹಾರಾಷ್ಟ್ರದ ಸಾರಿಗೆ ಸಚಿವರು ಕರ್ನಾಟಕದ ಕಡೆ ಬರುವ ತಮ್ಮ ಬಸ್ಸುಗಳನ್ನು ನಿಲ್ಲಿಸಿದರು. ನಮ್ಮ ಬಸ್ಸುಗಳೂ ಗಡಿ ದಾಟಲು ಹಿಂಜರಿದವು.

ಹುಕ್ಕೇರಿ ತಾಲೂಕಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆಲ್ಲದ ಬಾಗೇವಾಡಿಯವರಿಗೆ, ಸಂಕೇಶ್ವರದವರಿಗೆ ಗಡಹಿಂಗ್ಲಜ್, ಕೊಲ್ಹಾಪುರ ಅಂದರೆ ಬೇರೆ ದೇಶವಲ್ಲ. ಮಗಳನ್ನು ಕೊಟ್ಟ ಊರು, ದವಾಖಾನೆಗೆ ಹೋಗುವ ಊರು, ಸಂತೆಯ ಊರು. ಅವತ್ತು ಸಂಕೇಶ್ವರ ಬಸ್ ನಿಲ್ದಾಣದಿಂದ ನಾನು ನಾಲ್ಕು ಸಾಲಿನ ಸುದ್ದಿ ಕಳಿಸಿದೆ. ಬಸ್ ಇಲ್ಲ, ಪ್ರಯಾಣಿಕರ ಪರದಾಟ, ಪೊಲೀಸ್ ಬಂದೋಬಸ್ತ್. ಮುಗಿಯಿತು.

ಆ ಸುದ್ದಿಯಲ್ಲಿ ನಾನು ಬರೆಯಬೇಕಿದ್ದ ಇನ್ನೊಂದು ಸಾಲು ಬಿಟ್ಟುಹೋಯಿತು. ಅದೇ ಶನಿವಾರ, ಫೆಬ್ರುವರಿ 22ರಂದು, ಪುಣೆಯಲ್ಲಿ ಪಶ್ಚಿಮ ವಲಯ ಮಂಡಳಿಯ 27ನೇ ಸಭೆ ನಡೆದಿತ್ತು. ಅಧ್ಯಕ್ಷತೆ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರದು. ಮಹಾರಾಷ್ಟ್ರ ಆ ಮಂಡಳಿಯ ಸದಸ್ಯ ರಾಜ್ಯ. ಗುಜರಾತ್ ಇದೆ, ಗೋವಾ ಇದೆ, ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಇದೆ. ಕರ್ನಾಟಕ ಇಲ್ಲ. ನಮ್ಮನ್ನು ದಕ್ಷಿಣ ವಲಯ ಮಂಡಳಿಯಲ್ಲಿ ಕೂರಿಸಿದ್ದಾರೆ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಪುದುಚೇರಿ ಜೊತೆ. ಅಲ್ಲಿ ಮಹಾರಾಷ್ಟ್ರ ಇಲ್ಲ.

ಅಂದರೆ ರಾಜ್ಯ ರಾಜ್ಯಗಳ ಜಗಳ ಬಗೆಹರಿಸಲಿಕ್ಕೆ ಅಂತಲೇ ದೇಶದಲ್ಲಿ ಮಂಡಳಿಗಳಿವೆ. ಆದರೆ ಬೆಳಗಾವಿ ಜಗಳದ ಇಬ್ಬರೂ ಯಾವ ಒಂದು ಮಂಡಳಿಯಲ್ಲೂ ಒಟ್ಟಿಗೆ ಕೂರುವುದಿಲ್ಲ. ಇದನ್ನು ಯಾರಾದರೂ ನಿಮಗೆ ಹೇಳಿದ್ದರಾ? ಗಡಿ ಹೆಸರಲ್ಲಿ ಭಾಷಣ ಮಾಡಿದವರು ಹೇಳಿದ್ದರಾ? ಬಂದ್ ಕರೆದವರು ಹೇಳಿದ್ದರಾ? ನಾವು ಪತ್ರಕರ್ತರು ಹೇಳಿದ್ದೇವಾ? ಇಲ್ಲ. ಅದಕ್ಕೇ ಈ ಲೇಖನ.

ಕಾಯ್ದೆಯ ಒಂದು ಸಾಲು

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ನಮಗೆಲ್ಲ ಗೊತ್ತು. ಅದರಿಂದಲೇ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬೈ ಪ್ರಾಂತ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ಅದೇ ಕಾಯ್ದೆಯಲ್ಲಿ ಐದು ವಲಯ ಮಂಡಳಿಗಳನ್ನೂ ಹುಟ್ಟುಹಾಕಿದರು. ಭಾಷೆಯ ಮೇಲೆ ರಾಜ್ಯ ಒಡೆದರೆ ಮನಸ್ಸೂ ಒಡೆಯುತ್ತದೆ, ಹಾಗಾಗಿ ನೆರೆಯವರು ಕೂತು ಮಾತಾಡಲಿಕ್ಕೆ ಒಂದು ಕಟ್ಟೆ ಬೇಕು ಎಂಬುದು ಪ್ರಧಾನಿ ನೆಹರೂ ಅವರ ವಿಚಾರವಾಗಿತ್ತು.

ಆ ಮಂಡಳಿಗಳು ಏನು ಚರ್ಚಿಸಬಹುದು ಎಂದು 21ನೇ ಕಲಮು ಹೇಳುತ್ತದೆ. ಅದರಲ್ಲಿ ಒಂದು ಸಾಲಿನಲ್ಲಿ ಮೂರು ವಿಷಯಗಳಿವೆ: ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ.

ಈಗ ಫೆಬ್ರುವರಿ 21ರ ಆ ಬಸ್ಸಿಗೆ ವಾಪಸ್ ಬನ್ನಿ. ಗಡಿ ಇದೆ. ಭಾಷೆ ಇದೆ. ಬಸ್ಸೂ ಇದೆ. ಆ ಸಾಲನ್ನು ಬರೆದವರು ಸುಮಾರು ಎಪ್ಪತ್ತು ವರ್ಷ ಮೊದಲೇ ಆ ಬಸ್ ನೋಡಿ ಬರೆದಂತಿದೆ. ಆದರೂ ಬಸ್ಸಿನ ಜಗಳ ಮಂಡಳಿಗೆ ಹೋಗಲಿಲ್ಲ, ಬೀದಿಗೆ ಹೋಯಿತು. ಮಾರ್ಚ್ 22ರಂದು ಕರ್ನಾಟಕ ಬಂದ್ ಆಯಿತು.

ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ವಲಯ ಮಂಡಳಿ ಸಲಹಾ ಸಂಸ್ಥೆ ಮಾತ್ರ. ಶಿಫಾರಸು ಮಾಡಬಹುದು, ಹುಕುಂ ಮಾಡುವಂತಿಲ್ಲ. ಊರಿನ ಭಾಷೆಯಲ್ಲಿ ಹೇಳಬೇಕೆಂದರೆ ಹಿರಿಯರು ಬಂದು ಕಟ್ಟೆ ಮೇಲೆ ಕೂತು, ಚಹಾ ಕುಡಿದು, ಬುದ್ಧಿ ಹೇಳಿ ಎದ್ದು ಹೋಗಬಹುದು. ಕೇಳುವುದು ಬಿಡುವುದು ಜಗಳಗಂಟರ ಮರ್ಜಿ.

ಆ ಬುದ್ಧಿ ಹೇಳಲಿಕ್ಕಾದರೂ ಎಷ್ಟು ಸಲ ಕೂತರು? ದಕ್ಷಿಣ ವಲಯ ಮಂಡಳಿ 2018ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸೇರಿತು. ಅದರ ಮುಂದಿನ ಸಭೆ 2021ರ ನವೆಂಬರ್‌ನಲ್ಲಿ ತಿರುಪತಿಯಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರದಲ್ಲಿ ನಡೆದದ್ದು 30ನೇ ಸಭೆ. ಕಾಯ್ದೆ ಬಂದು 66 ವರ್ಷಕ್ಕೆ 30 ಸಭೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು. ಆಗದಿದ್ದರೆ ನಾವೇ ಪಿಡಿಒ ಸಾಹೇಬರನ್ನು ಹಿಡಿದು ಕೇಳುತ್ತೇವೆ. ಮುಖ್ಯಮಂತ್ರಿಗಳ ಸಭೆ ಮೂರು ವರ್ಷ ಆಗದಿದ್ದರೆ ಕೇಳುವವರಿಲ್ಲ.

ಒಂದೇ ಕಟ್ಟೆಯಲ್ಲಿದ್ದೆವು, ಬೇರೆಯಾದೆವು

ಇನ್ನೊಂದು ಮಾತು ಕೇಳಿ. 1956ರಲ್ಲಿ ಕಾಯ್ದೆ ಮೊದಲು ಬಂದಾಗ ಪಶ್ಚಿಮ ವಲಯದಲ್ಲಿ ಇದ್ದದ್ದು ಎರಡೇ ರಾಜ್ಯ, ಮುಂಬೈ ಮತ್ತು ಮೈಸೂರು. ಜಗಳ ಬರಬಹುದು ಎಂದು ಗೊತ್ತಿದ್ದೇ ಇಬ್ಬರನ್ನೂ ಎದುರುಬದುರು ಕೂರಿಸಿದ್ದರು. ಆಮೇಲೆ ಮೈಸೂರು ದಕ್ಷಿಣಕ್ಕೆ ಹೋಯಿತು. ಜಗಳ ಮಾತ್ರ ಇಲ್ಲೇ ಉಳಿಯಿತು.

ಅವತ್ತು ಒಟ್ಟಿಗೆ ಇದ್ದಾಗಲಾದರೂ ಬಗೆಹರಿಯಿತೇ ಎಂದು ಕೇಳಬಹುದು. ಇಲ್ಲ. 1957ರ ಜೂನ್‌ನಲ್ಲಿ ಮುಂಬೈ ಸರ್ಕಾರ ಅದೇ 21ನೇ ಕಲಮಿನಡಿ ಕೇಂದ್ರಕ್ಕೆ ಮನವಿ ಕೊಟ್ಟಿತು. 1960ರಲ್ಲಿ ಎರಡೂ ರಾಜ್ಯಗಳು ಇಬ್ಬಿಬ್ಬರಂತೆ ನಾಲ್ವರ ಸಮಿತಿ ಮಾಡಿದವು. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನಡುವೆ ನಿಲ್ಲುವ ಐದನೆಯವನಿಲ್ಲ. 1962ರಲ್ಲಿ ಅವರು ಬೇರೆ ಬೇರೆ ವರದಿ ಕೊಟ್ಟು ಎದ್ದರು. ಸೇನಾಪತಿ ಬಾಪಟ್ ಉಪವಾಸ ಕೂತ ಮೇಲೆ 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ, 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಕರ್ನಾಟಕಕ್ಕೆ ಎಂದಿತು. ನಾವು ಒಪ್ಪಿದೆವು. ಆಯೋಗ ಬೇಕೆಂದು ಹಟ ಹಿಡಿದ ಮಹಾರಾಷ್ಟ್ರವೇ ತಿರಸ್ಕರಿಸಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದದ್ದನ್ನು ಕೇರಳ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

2022ರ ಡಿಸೆಂಬರ್ ನೆನಪಿದೆಯಲ್ಲ? ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳ ಗಾಜು ಒಡೆದರು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಡಿಸೆಂಬರ್ 14ರಂದು ಅಮಿತ್ ಶಾ ದೆಹಲಿಯಲ್ಲಿ ಬೊಮ್ಮಾಯಿ ಮತ್ತು ಏಕನಾಥ ಶಿಂಧೆ ಅವರನ್ನು ಕೂರಿಸಿಕೊಂಡರು. ಕೋರ್ಟ್ ತೀರ್ಪು ಬರುವವರೆಗೆ ಯಾರೂ ಹಕ್ಕು ಮಂಡಿಸಬಾರದು, ಎರಡೂ ಕಡೆಯ ಮೂವರಂತೆ ಆರು ಸಚಿವರ ಸಮಿತಿ, ಜೊತೆಗೆ ಹಿರಿಯ ಐಪಿಎಸ್ ಅಧಿಕಾರಿಯ ಸಮಿತಿ ಎಂದು ಮಾತಾಯಿತು. ಎಂಟು ದಿನಕ್ಕೆ, ಡಿಸೆಂಬರ್ 22ರಂದು, ಬೆಳಗಾವಿ ಅಧಿವೇಶನದಲ್ಲಿ ನಮ್ಮವರು ಒಂದಿಂಚೂ ಬಿಡೆವು ಎಂಬ ನಿರ್ಣಯ ಮಾಡಿದರು. ಡಿಸೆಂಬರ್ 27ರಂದು ಮಹಾರಾಷ್ಟ್ರದವರು 865 ಹಳ್ಳಿ ನಮ್ಮವೇ ಎಂದು ನಿರ್ಣಯ ಮಾಡಿದರು. ದೆಹಲಿಯಲ್ಲಿ ಒಪ್ಪಿದ ಮಾತು ಹದಿಮೂರು ದಿನ ಬಾಳಲಿಲ್ಲ. ಒಪ್ಪಂದ ಮುರಿದವರಿಗೆ ಏನಾಯಿತು? ಏನೂ ಆಗಲಿಲ್ಲ. ಚಪ್ಪಾಳೆ ಸಿಕ್ಕಿತು.

ಆ ಮಹಾರಾಷ್ಟ್ರದ ಪಟ್ಟಿಯಲ್ಲಿ ನಮ್ಮ ಹುಕ್ಕೇರಿ ತಾಲೂಕಿನ ಊರುಗಳೂ ಇವೆ. ಆ ಊರವರನ್ನು ಕರೆದು ಮುಂಬೈಯವರು ಕೇಳಿದ್ದಿಲ್ಲ. ಬೆಂಗಳೂರಿನವರೂ ಕೇಳಿದ್ದಿಲ್ಲ.

ಇದು ನಮ್ಮ ರೋಗ ಒಂದೇ ಅಲ್ಲ

ಮನೆಯೊಂದರಲ್ಲಿ ಜಗಳ ಹತ್ತಿದಾಗ ಹಿರಿಯರು ಹೋದರೆ ಯಜಮಾನ ಬಾಗಿಲಲ್ಲಿ ನಿಂತು ಏನೆನ್ನುತ್ತಾನೆ? "ಇದು ನಮ್ಮ ಮನಿ ಮಾತು, ನೀವ್ಯಾಕ ಬಂದ್ರಿ?" ಪೆಟ್ಟು ತಿಂದವರು ಒಳಗಿದ್ದಾರೆ. ಬಾಗಿಲಲ್ಲಿ ಮಾತಾಡುವವನು ಪೆಟ್ಟು ಕೊಟ್ಟವನೇ ಇರಬಹುದು. ದೇಶಗಳ ಕೂಟಗಳಲ್ಲೂ ಇದೇ ನಡೆಯುತ್ತದೆ. ಅಲ್ಲಿ ಇದಕ್ಕೆ "ಆಂತರಿಕ ವಿಷಯ" ಎಂಬ ದೊಡ್ಡ ಹೆಸರಿದೆ.

ದೂರ ಹೋಗುವುದು ಬೇಡ, ನಮ್ಮ ಬೆಂಗಳೂರಿನಲ್ಲೇ ಇದು ಆಗಿದೆ. ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್ ಸೇರಿ 1985ರಲ್ಲಿ ಢಾಕಾದಲ್ಲಿ ಸಾರ್ಕ್ ಎಂಬ ಕೂಟ ಕಟ್ಟಿದವು. ಅದರ ಎರಡನೇ ಶೃಂಗಸಭೆ 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅದೇ ಹೊತ್ತಿಗೆ ಶ್ರೀಲಂಕಾದಲ್ಲಿ ತಮಿಳರು ಮತ್ತು ಸರ್ಕಾರದ ನಡುವೆ ರಕ್ತ ಹರಿಯುತ್ತಿತ್ತು. ಸಭೆಯಲ್ಲಿ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಇದ್ದರು, ರಾಜೀವ್ ಗಾಂಧಿ ಇದ್ದರು. ಆದರೆ ಸಾರ್ಕ್ ಸನ್ನದಿನ 10ನೇ ಕಲಮು ಹೇಳುವುದೇನು? ಎಲ್ಲ ತೀರ್ಮಾನ ಸರ್ವಾನುಮತದಿಂದ ಆಗಬೇಕು, ಇಬ್ಬರ ನಡುವಿನ ಮತ್ತು ವಿವಾದದ ವಿಷಯ ಚರ್ಚೆಗೆ ಬರಬಾರದು.

ಹಾಗಾಗಿ ಏನು ಮಾಡಿದರು? ಎಲ್‌ಟಿಟಿಇ ನಾಯಕ ಪ್ರಭಾಕರನ್‌ರನ್ನು ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದು ಸಭೆಯ ಆಚೆ ಮಾತುಕತೆ ನಡೆಸಿದರು. ಅದು ಫಲಿಸಲಿಲ್ಲ. 1987ರ ಜುಲೈನಲ್ಲಿ ಭಾರತ ಶ್ರೀಲಂಕಾ ಒಪ್ಪಂದವಾಗಿ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದರು. ನಮ್ಮ ಬೆಳಗಾವಿ ಮರಾಠಾ ಲಘು ಪದಾತಿ ದಳದ ಕೇಂದ್ರ. ಆ ರೆಜಿಮೆಂಟಿನ ಪಡೆಗಳೂ ಅಲ್ಲಿಗೆ ಹೋಗಿದ್ದವು. ಒಳಗೆ ಮಾತಾಡಬಾರದು ಎಂದು ಮುಚ್ಚಿಟ್ಟ ವಿಷಯಕ್ಕೆ ಹೊರಗೆ ನಮ್ಮ ಕಡೆಯ ಮನೆಗಳೂ ಬೆಲೆ ಕೊಟ್ಟಿವೆ.

ಸಾರ್ಕ್ ಇವತ್ತು ಎಲ್ಲಿದೆ? 2014ರಲ್ಲಿ ಕಠ್ಮಂಡುವಿನಲ್ಲಿ ಸಭೆಯಾಯಿತು. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿದ್ದದ್ದು ರದ್ದಾಯಿತು. ಅಲ್ಲಿಗೆ ಶೃಂಗಸಭೆಯ ಗಾಡಿ ನಿಂತಿತು.

ಮ್ಯಾನ್ಮಾರ್ ನೋಡಿ. 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ನೆರೆ ದೇಶಗಳ ಕೂಟ ಆಸಿಯಾನ್ ಏಪ್ರಿಲ್ 24ರಂದು ಜಕಾರ್ತದಲ್ಲಿ ಸಭೆ ಕರೆದು ಐದು ಅಂಶದ ಒಪ್ಪಂದ ಮಾಡಿತು. ಆ ಸಭೆಯಲ್ಲಿ ಮ್ಯಾನ್ಮಾರ್ ಪರವಾಗಿ ಕೂತವರು ಯಾರು? ಅಧಿಕಾರ ಕಿತ್ತುಕೊಂಡ ಸೇನಾ ಮುಖ್ಯಸ್ಥರೇ. ಜನ ಆರಿಸಿದವರಿಗೆ ಕುರ್ಚಿ ಇರಲಿಲ್ಲ. ಹಿಂಸೆ ತಕ್ಷಣ ನಿಲ್ಲಲಿ ಎಂಬುದು ಒಪ್ಪಂದದ ಮೊದಲ ಅಂಶ. ಹಿಂಸೆ ನಿಲ್ಲಲಿಲ್ಲ. ಆಮೇಲೆ ಆ ಜನರಲ್‌ನನ್ನು ಶೃಂಗಸಭೆಗೆ ಕರೆಯುವುದು ಬಿಟ್ಟರು, ಅಷ್ಟೇ.

ಪಶ್ಚಿಮ ಆಫ್ರಿಕಾದ ಕೂಟ ಎಕೋವಾಸ್ ಒಮ್ಮೆ ಗೆದ್ದಿತು. ಗ್ಯಾಂಬಿಯಾದಲ್ಲಿ 2016ರ ಡಿಸೆಂಬರ್ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಕುರ್ಚಿ ಬಿಡಲಿಲ್ಲ. ನೆರೆಯವರು ಒಂದೇ ಮಾತಿಗೆ ನಿಂತು ಸೈನ್ಯ ಗಡಿಗೆ ತಂದಾಗ 2017ರ ಜನವರಿಯಲ್ಲಿ ಬಿಟ್ಟು ಹೋದರು. ಅದೇ ಕೂಟ 2023ರಲ್ಲಿ ನೈಜರ್‌ನಲ್ಲಿ ಸೋತಿತು. ಸೇನಾ ದಂಗೆ ಆದಾಗ ಯುದ್ಧದ ಬೆದರಿಕೆ ಹಾಕಿತು, ನಿರ್ಬಂಧ ಹೇರಿತು. ನೈಜೀರಿಯಾ ಕರೆಂಟ್ ಕಡಿತ ಮಾಡಿತು. ಕತ್ತಲಲ್ಲಿ ಕೂತವರು ಜನ, ಸೇನಾಧಿಕಾರಿಗಳಲ್ಲ. ಕೊನೆಗೆ ನಿರ್ಬಂಧ ತೆಗೆದರು. 2025ರ ಜನವರಿಯಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಕೂಟದಿಂದಲೇ ಹೊರನಡೆದವು.

ನಮ್ಮಲ್ಲಿ ಸೈನ್ಯದ ಮಾತಿಲ್ಲ, ದೇವರ ದಯೆ. ಆದರೆ ಬಸ್ ನಿಲ್ಲಿಸುವುದಕ್ಕೂ ಆ ಕರೆಂಟ್ ಕಡಿತಕ್ಕೂ ಏನು ಫರಕು? ಜಗಳ ಸರ್ಕಾರಗಳದು, ದಂಡ ಕಟ್ಟುವವರು ಪ್ರಯಾಣಿಕರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಅದೇ.

ಒಂದೇ ಮಂಡಳಿಯಲ್ಲಿದ್ದರೆ ಸಾಕೇ?

ಹಾಗಾದರೆ ಕರ್ನಾಟಕ, ಮಹಾರಾಷ್ಟ್ರವನ್ನು ಒಂದು ಮಂಡಳಿಗೆ ಹಾಕಿದರೆ ಮುಗಿಯಿತೇ? ಅಷ್ಟು ಸುಲಭವಿಲ್ಲ. ಕೇರಳ ಮತ್ತು ನಾವು ಒಂದೇ ದಕ್ಷಿಣ ವಲಯದಲ್ಲಿದ್ದೇವೆ. ಅಲ್ಲಿ ಏನಾಯಿತು ನೋಡಿ.

1959ರಲ್ಲಿ ದಕ್ಷಿಣ ವಲಯ ಮಂಡಳಿ ಒಂದು ಒಳ್ಳೆಯ ಕೆಲಸ ಮಾಡಿತು. ಭಾಷಾ ಅಲ್ಪಸಂಖ್ಯಾತರಿಗೆ ಯಾವ ಯಾವ ರಕ್ಷಣೆ ಕೊಡಬೇಕೆಂದು ಸದಸ್ಯ ರಾಜ್ಯಗಳ ಸಚಿವರು ಕೂತು ಒಪ್ಪಿದರು. ಮಾತೃಭಾಷೆಯಲ್ಲಿ ಶಾಲೆ, ಆಡಳಿತದಲ್ಲಿ ಆ ಭಾಷೆಯ ಬಳಕೆ, ನೌಕರಿಯಲ್ಲಿ ಅನ್ಯಾಯ ಆಗಬಾರದು ಇತ್ಯಾದಿ. ಇಂಥ ಮಂಡಳಿಗಳಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಇದೇ ಉತ್ತರ. ಮನಸ್ಸಿದ್ದರೆ ಆಗುತ್ತದೆ.

ಆದರೆ 2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. 1959ರಲ್ಲಿ ಒಪ್ಪಿದ ಕಾಗದ ತೋರಿಸಿ, ಇದನ್ನು ನೀವೇ ಒಪ್ಪಿದ್ದಿರಲ್ಲ ಎಂದು ಕೇಳಲು ಆ ಕನ್ನಡಿಗರಿಗೆ ಮಂಡಳಿಯಲ್ಲಿ ಜಾಗವಿಲ್ಲ. ಅಲ್ಲಿ ಅವರ ಪರವಾಗಿ ಕೂರುವುದು ಕೇರಳ ಸರ್ಕಾರ. ಯಾರ ಮೇಲೆ ದೂರೋ ಅವರೇ ನಿಮ್ಮ ವಕೀಲರು! ಕರ್ನಾಟಕ ಮಾತೆತ್ತಿದರೆ ಆಂತರಿಕ ವಿಷಯ ಎನ್ನಬಹುದು. ಖಾನಾಪುರದ ಮರಾಠಿಯವರ ಬಗ್ಗೆ ಮಹಾರಾಷ್ಟ್ರ ಮಾತೆತ್ತಿದಾಗ ನಾವೂ ಅದನ್ನೇ ಅನ್ನುತ್ತೇವೆ.

ಇದೇ ಗಂಟು. ಈ ಕೂಟಗಳ ಸದಸ್ಯರು ಸರ್ಕಾರಗಳು. ಜನ ಸದಸ್ಯರಲ್ಲ. ಸರ್ಕಾರವೇ ಜಗಳದ ಒಂದು ಪಾರ್ಟಿ ಆದಾಗ ಕೂಟ ಬಾಯಿ ಮುಚ್ಚಿಕೊಳ್ಳುತ್ತದೆ. ಇವತ್ತು ನಿನ್ನ ಮನೆ ಮಾತು ನಾನು ಎತ್ತಿದರೆ ನಾಳೆ ನನ್ನ ಮನೆ ಮಾತು ನೀನು ಎತ್ತುತ್ತೀ. ಎಲ್ಲರೂ ಸುಮ್ಮನಿದ್ದರೆ ಎಲ್ಲರಿಗೂ ಕ್ಷೇಮ.

ರಾಜ್ಯದ ಒಳಗಿನ ಅಸಮಾಧಾನದ ಕತೆಯೂ ಇದೇ. ಬೆಲ್ಲದ ಬಾಗೇವಾಡಿಯವರೇ ಆದ ಉಮೇಶ ಕತ್ತಿ ಎಂಟು ಸಲ ಶಾಸಕರಾದವರು. ಸಚಿವರಾಗಿದ್ದಾಗಲೂ ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗಲಿ ಎಂದವರು. ಆ ಬೇಡಿಕೆ ನಾನು ಒಪ್ಪುವುದಿಲ್ಲ. ಆದರೆ ಅದು ಹುಟ್ಟಿದ್ದು ಯಾಕೆ ಎಂದು ಕೇಳಲು ಯಾವ ವಲಯ ಮಂಡಳಿಯೂ ಬರಲಿಲ್ಲ, ಬರುವಂತೆಯೂ ಇಲ್ಲ. ಕೇಳಿದ್ದು ಡಾ. ನಂಜುಂಡಪ್ಪ ಸಮಿತಿ. 2002ರಲ್ಲಿ ಅದು 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿ ಕೊಟ್ಟಿತು. ಕಲಬುರಗಿ ಕಡೆಯವರು ಹೋರಾಡಿ ಸಂವಿಧಾನದಲ್ಲೇ 371ಜೆ ಬರೆಸಿಕೊಂಡರು. ಅಂಥ ಪಟ್ಟಿಯನ್ನೋ ಕಲಮನ್ನೋ ಕೈಯಲ್ಲಿ ಹಿಡಿದು ಸರ್ಕಾರವನ್ನು ಕೇಳಬಹುದು. ಶೃಂಗಸಭೆಯ ಫೋಟೋ ಹಿಡಿದು ಏನು ಕೇಳುವುದು?

ನೀರು ಬಂದಾಗ ಮಾತಾಡುತ್ತಾರೆ

ಸರ್ಕಾರಗಳಿಗೆ ಮಾತಾಡಲು ಬರುವುದಿಲ್ಲ ಅಂತಲ್ಲ. 2019ರ ಆಗಸ್ಟ್‌ನಲ್ಲಿ ಹಿರಣ್ಯಕೇಶಿ, ಘಟಪ್ರಭಾ, ಕೃಷ್ಣಾ ತುಂಬಿ ಸಂಕೇಶ್ವರ, ಗೋಕಾಕ ಮುಳುಗಿದವು. ಅತ್ತ ಸಾಂಗ್ಲಿ, ಕೊಲ್ಹಾಪುರ ಮುಳುಗಿದವು. ಆಲಮಟ್ಟಿಯಿಂದ ಎಷ್ಟು ಬಿಡಬೇಕು, ಕೊಯ್ನಾದಿಂದ ಎಷ್ಟು ಬಿಡುತ್ತೀರಿ ಎಂಬುದು ಎರಡೂ ಕಡೆಯ ಪ್ರಾಣದ ಪ್ರಶ್ನೆಯಾಯಿತು. ಆಮೇಲೆ 2021ರ ಜೂನ್‌ನಲ್ಲಿ ಮಳೆಗಾಲಕ್ಕೆ ಮೊದಲೇ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಯನ್ನು ಕಂಡರು. ಅಣೆಕಟ್ಟಿನ ನೀರಿನ ಲೆಕ್ಕ ಅಧಿಕಾರಿಗಳು ಪರಸ್ಪರ ಹಂಚಿಕೊಳ್ಳುತ್ತಾರೆ. ಇವರೂ ಅದೇ ಎರಡು ಸರ್ಕಾರದವರೇ. ಹೊಳೆಯ ವಿಷಯದಲ್ಲಿ ಆಗುವುದು ಬಸ್ಸಿನ ವಿಷಯದಲ್ಲಿ ಯಾಕೆ ಆಗಬಾರದು? ಪ್ರವಾಹದಲ್ಲಿ ಮತ ಸಿಗುವುದಿಲ್ಲ, ಬಸ್ಸಿನ ಜಗಳದಲ್ಲಿ ಸಿಗುತ್ತದೆ. ನನಗೆ ಬೇರೆ ಕಾರಣ ಕಾಣುವುದಿಲ್ಲ.

ಜತ್ತ ತಾಲೂಕಿನ ಕತೆ ಇನ್ನೂ ನೇರ. ಅಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ದಶಕಗಳಿಂದ ನೀರು ಕೇಳಿದವು. 2012ರಲ್ಲಿ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ನಿರ್ಣಯ ಮಾಡಿದವು. ಹತ್ತು ವರ್ಷ ಆ ನಿರ್ಣಯ ಧೂಳು ತಿಂದಿತು. 2022ರ ನವೆಂಬರ್‌ನಲ್ಲಿ ಬೊಮ್ಮಾಯಿ ಆ ಹಳ್ಳಿಗಳ ಹೆಸರೆತ್ತಿದ್ದೇ ತಡ, ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ಏತ ನೀರಾವರಿ ವಿಸ್ತರಣೆಗೆ ಸುಮಾರು 2,000 ಕೋಟಿ ರೂಪಾಯಿಯ ಮಾತಾಡಿತು. ಊರು ಕೈಬಿಟ್ಟು ಹೋದೀತೆಂಬ ಭಯ ಹುಟ್ಟಿದ ಮೇಲೆ ಬಾಯಾರಿದವರ ನೆನಪಾಯಿತು. ಇದನ್ನು ಗೆಲುವು ಎನ್ನಬೇಕೋ ನಾಚಿಕೆ ಎನ್ನಬೇಕೋ ನೀವೇ ಹೇಳಿ. ಆದರೆ ಒಂದು ಗಮನಿಸಿ: ಅಲ್ಲಿ ಮೊದಲು ಕಾಗದದ ಮೇಲೆ ನಿರ್ಣಯ ಮಾಡಿದ್ದು ಹಳ್ಳಿಯವರು.

"ಕೋರ್ಟಿನಲ್ಲಿದೆ" ಎಂಬ ನೆಪ

ಇಷ್ಟು ಬರೆದರೆ ನನಗೆ ಬರುವ ಬೈಗುಳ ಯಾವುವೆಂದು ಗೊತ್ತು.

ಒಂದು, "ಗಡಿ ವಿಷಯ ಚರ್ಚೆ ಮಾಡಿದರೆ ಮಹಾಜನ್ ವರದಿಯನ್ನೇ ಬಿಟ್ಟುಕೊಟ್ಟಂತೆ." ಇಲ್ಲ. ನೆಲದ ಗೆರೆ ಬಗ್ಗೆ ನಾನು ಮಾತಾಡುತ್ತಿಲ್ಲ. ಗೆರೆ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು ಎಂಬುದೇ ಕರ್ನಾಟಕದ ವಾದ. ಆ ವಾದ ಕೋರ್ಟಿನಲ್ಲಿ ನಡೆಯಲಿ. ಬಸ್ ಓಡಿಸಬೇಡಿ ಎಂದು ಕೋರ್ಟ್ ಹೇಳಿಲ್ಲ. ಗಡಿ ಊರಿನ ಶಾಲೆಗೆ ಮಾಸ್ತರರನ್ನು ಕಳಿಸಬೇಡಿ ಎಂದು ಹೇಳಿಲ್ಲ. ಎರಡೂ ಜಿಲ್ಲೆಯ ಅಧಿಕಾರಿಗಳು ಕೂತು ಮಾತಾಡಬೇಡಿ ಎಂದೂ ಹೇಳಿಲ್ಲ. 2004ರಿಂದ "ಕೋರ್ಟಿನಲ್ಲಿದೆ" ಎನ್ನುವುದು ಕೆಲಸ ತಪ್ಪಿಸಿಕೊಳ್ಳುವ ದಾರಿಯಾಗಿದೆ.

ಎರಡು, "ನೀನು ಮರಾಠಿಯವರ ಪರ." ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲಿ ಅರ್ಜಿ, ಕನ್ನಡದಲ್ಲಿ ಶಾಲೆ ಬೇಕು ಎಂದು ನಾವು ಕೇಳುವುದು ನ್ಯಾಯವಾದರೆ, ಖಾನಾಪುರದವರಿಗೂ ಅದೇ ಅಳತೆ. ಅಲ್ಲೊಂದು ಸೇರು, ಇಲ್ಲೊಂದು ಸೇರು ಇಟ್ಟುಕೊಂಡು ವ್ಯಾಪಾರ ಮಾಡಲಾಗದು. ಅಷ್ಟಕ್ಕೂ ಕಂಡಕ್ಟರ್ ಮೇಲೆ ಕೈ ಮಾಡಿದವರಿಗೆ ಕಾನೂನಿನ ಶಿಕ್ಷೆ ಆಗಲೇಬೇಕು. ಚಿತ್ರದುರ್ಗದಲ್ಲಿ ಮಸಿ ಬಳಿದವರಿಗೂ ಆಗಬೇಕು. ಬಸ್ಸಿನ ಚಕ್ರಕ್ಕೆ ಭಾಷೆ ಇಲ್ಲ.

ಮೂರು, "ನೀವು ಪತ್ರಕರ್ತರೇ ಬೆಂಕಿ ಹಚ್ಚುವವರು." ಇದು ನಿಜ. ಗಾಜು ಒಡೆದರೆ ಡೆಸ್ಕಿನಿಂದ ಫೋನ್ ಬರುತ್ತದೆ, ವಿಡಿಯೋ ಕಳಿಸು ಎಂದು. ಆರು ಸಚಿವರ ಸಮಿತಿ ಸಭೆ ಸೇರಿತೋ ಇಲ್ಲವೋ ನೋಡಿ ಬಾ ಎಂದು ಯಾರೂ ಫೋನ್ ಮಾಡುವುದಿಲ್ಲ. ನಾನೂ ಗಾಜಿನ ಸುದ್ದಿ ಬರೆದು ಹೊಟ್ಟೆ ಹೊರೆದವನೇ. ಆ ತಪ್ಪಿನಲ್ಲಿ ನನ್ನ ಪಾಲಿದೆ.

ನಾವು ಕೇಳಬೇಕಾದದ್ದು

ಹೊಸ ಕಾಯ್ದೆ ಬೇಡ. 1956ರ ಕಾಯ್ದೆಯಲ್ಲೇ ಎರಡು ವಲಯ ಮಂಡಳಿಗಳು ಜಂಟಿ ಸಭೆ ನಡೆಸಲು ಅವಕಾಶವಿದೆ. ಅದನ್ನು ಬಳಸಿ ಎಂದು ಕೇಳೋಣ.

ಮೊದಲನೆಯದು, ದಕ್ಷಿಣ ಮತ್ತು ಪಶ್ಚಿಮ ವಲಯ ಮಂಡಳಿಗಳ ಜಂಟಿ ಸಭೆ ವರ್ಷಕ್ಕೊಮ್ಮೆ ಆಗಲಿ. ದಿನಾಂಕ ಮೊದಲೇ ಗೊತ್ತಿರಲಿ. ಗಾಜು ಒಡೆದ ಮೇಲೆ ಕರೆಯುವ ಸಭೆ ಬೇಡ.

ಎರಡನೆಯದು, ಬೆಳಗಾವಿ ಮತ್ತು ಕೊಲ್ಹಾಪುರ ಜಿಲ್ಲಾಧಿಕಾರಿಗಳು, ಎಸ್‌ಪಿಗಳು, ಎರಡೂ ಸಾರಿಗೆ ಸಂಸ್ಥೆಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಕೂರಲಿ. ಅಲ್ಲಿ ಎರಡೂ ಕಡೆಯ ಗಡಿ ಗ್ರಾಮ ಪಂಚಾಯಿತಿಗಳಿಗೆ, ಎರಡೂ ಕಡೆಯ ಭಾಷಾ ಅಲ್ಪಸಂಖ್ಯಾತರಿಗೆ ಕುರ್ಚಿ ಇರಲಿ. ಅವರ ಬಾಯಿಂದಲೇ ಅವರ ಕಷ್ಟ ಬರಲಿ.

ಮೂರನೆಯದು, ಯಾವ ಸಚಿವರೂ ಒಂದು ಹೇಳಿಕೆಯಿಂದ ಅಂತರರಾಜ್ಯ ಬಸ್ ನಿಲ್ಲಿಸುವಂತಿರಬಾರದು. ಅಪಾಯವಿದ್ದರೆ ಪೊಲೀಸ್ ಕಾವಲಿನಲ್ಲಿ ಓಡಿಸಿ. ದವಾಖಾನೆಗೆ ಹೋಗುವವರಿಗೆ ಭಾಷಾಭಿಮಾನದ ಪಾಠ ಬೇಡ.

ನಾಲ್ಕನೆಯದು, ಸಭೆಯ ನಡಾವಳಿ ಕನ್ನಡ ಮತ್ತು ಮರಾಠಿಯಲ್ಲಿ ಬಹಿರಂಗವಾಗಲಿ. ಯಾರು ಏನು ಒಪ್ಪಿದರು, ಯಾರು ಮುರಿದರು ಎಂದು ನಮ್ಮ ಫೋನಿನಲ್ಲೇ ನಾವು ಓದುವಂತಿರಲಿ. ಶಿಕ್ಷೆ ಕೊಡುವ ಅಧಿಕಾರ ಮಂಡಳಿಗೆ ಇಲ್ಲದಿದ್ದರೂ, ಮಾತು ತಪ್ಪಿದವರ ಹೆಸರು ಕಾಗದದಲ್ಲಿದ್ದರೆ ಓಟು ಕೇಳಲು ಬಂದಾಗ ನಾವು ಕೇಳಬಹುದು.

ಇದನ್ನು ಯಾರು ಶುರುಮಾಡಬೇಕು? ಬೆಂಗಳೂರು ಮಾಡುವುದಿಲ್ಲ, ಮುಂಬೈಯೂ ಮಾಡುವುದಿಲ್ಲ. ಜಗಳ ಇದ್ದಷ್ಟು ದಿನ ಅವರಿಗೆ ಭಾಷಣಕ್ಕೆ ವಿಷಯ ಇರುತ್ತದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಅಂಶಗಳನ್ನು ನಿರ್ಣಯವಾಗಿ ಬರೆಸಿ. ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಹೋಗಬೇಡಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಸರ್ಕಾರದ ಮುಖ್ಯ ಕಾರ್ಯದರ್ಶಿಗೆ, ಒಂದು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಳಿಸಿ. ಗಡಹಿಂಗ್ಲಜ್ ಕಡೆ ನಿಮ್ಮ ಬೀಗರಿದ್ದರೆ ಅವರ ಗ್ರಾಮಸಭೆಯಲ್ಲೂ ಮರಾಠಿಯಲ್ಲಿ ಇದೇ ನಿರ್ಣಯ ಮಾಡಲು ಹೇಳಿ.

ಪುಣೆಯಲ್ಲಿ ನಮಗೆ ಕುರ್ಚಿ ಇರಲಿಲ್ಲ, ದೆಹಲಿಯಲ್ಲೂ ಇಲ್ಲ. ಗ್ರಾಮಸಭೆಯಲ್ಲಿ ಇದೆ. ಅಲ್ಲಿಂದಲೇ ಕೇಳಲು ಶುರುಮಾಡೋಣ. ನಿರ್ಣಯ ಆದ ಊರಿನವರು ತಿಳಿಸಿ. ಆ ಸುದ್ದಿಯನ್ನು ನಾನು ನಾಲ್ಕು ಸಾಲಿಗೆ ಮುಗಿಸುವುದಿಲ್ಲ.